ಹನ್ನೆರಡು ವೋಲ್ಟಿನ ಕಂಟ್ರ್ಯಾಕ್ಟರ್

ಕೆಲವರಿಗೆ ಮನೆ ಕಟ್ಟಿಸುವಾಗ ಎಡವಟ್ಟುಗಳಾಗುತ್ತವೆ, ಕೆಲವರಿಗೆ ಮದುವೆ ಮಾಡುವಾಗ. ನನಗೆ ಲೈಸೆನ್ಸ್ ತೆಗೆದುಕೊಳ್ಳುವಾಗ ಆದವು, ಅದೂ ಒಂದರ ಬೆನ್ನಿಗೆ ಒಂದು, ನೈರೋಬಿಯ ಮಟಾಟು ವ್ಯಾನುಗಳು ಸ್ಟಾಪಿಗೆ ನುಗ್ಗಿದ ಹಾಗೆ. ಇದನ್ನೆಲ್ಲ ಹೇಳಿದಾಗ ಇಲ್ಲಿನ ನಮ್ಮ ಕನ್ನಡದವರು, "ಅದೇನ್ರೀ, ನಿಮಗೇ ಹುಡುಕ್ಕೊಂಡು ಬಂದು ಆಗತ್ತಲ್ಲ?" ಅನ್ನುತ್ತಾರೆ. ನನಗೇನು ಗೊತ್ತು? ನಾನು ಅಲ್ಲಿರುತ್ತೇನೆ, ಅದು ಆಗುತ್ತದೆ, ಅಷ್ಟೇ.

ವಿಷಯ ಏನೆಂದರೆ, ನೈರೋಬಿಯ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ಮೇಂಟೆನೆನ್ಸ್ ಮ್ಯಾನೇಜರ್ ಆಗಿದ್ದೆ. ಕೆಲಸ ಚೆನ್ನಾಗಿತ್ತು, ಸಂಬಳ ಚೆನ್ನಾಗಿತ್ತು, ಆದರೆ ಮನಸ್ಸು ಮಾತ್ರ ಕಳ್ಳರ ಅಲಾರಂ, ಕ್ಯಾಮೆರಾ, ಗೇಟಿನ ಇಂಟರ್‌ಕಾಂ ಇವುಗಳ ಹಿಂದೆ ಓಡುತ್ತಿತ್ತು. ಈ ಊರಿನಲ್ಲಿ ಗೇಟಿಲ್ಲದ ಮನೆ ಇಲ್ಲ, ಅಲಾರಂ ಬೇಡ ಅನ್ನುವ ಗೇಟೂ ಇಲ್ಲ. ಸ್ವಂತ ಕಂಪನಿ ಶುರು ಮಾಡಿದರೆ ಹೇಗೆ ಅಂತ ಒಂದು ದಿನ ಅನ್ನಿಸಿತು ನೋಡಿ, ಆಮೇಲೆ ಊಟ ಸೇರಲಿಲ್ಲ. ಆದರೆ ಕಡಿಮೆ ವೋಲ್ಟೇಜಿನ ಕೆಲಸವಾದರೂ ಲೈಸೆನ್ಸ್ ಇಲ್ಲದೆ ಸ್ವಂತವಾಗಿ ಒಂದು ತಂತಿ ಎಳೆಯುವ ಹಾಗಿಲ್ಲ. ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು, ಆಮೇಲೆ ಒಂದು ಕಡೆ ಕೆಲಸ ಮಾಡಿ ತಪಾಸಣೆಗೆ ತೋರಿಸಬೇಕು.

ಹೆಂಡತಿ ಒಂದೇ ಷರತ್ತು ಹಾಕಿದಳು. "ಮಗಳ ಡಿಸೆಂಬರ್ ರಜಾ ಶುರುವಾಗೋದ್ರೊಳಗೆ ಲೈಸೆನ್ಸ್ ಬಂದ್ರೆ ಸರಿ. ಇಲ್ಲಾಂದ್ರೆ ತೆಪ್ಪಗೆ ವಾಪಸ್ ಫ್ಯಾಕ್ಟರಿಗೆ."

ನಾನು ಕುಣಿದಾಡಿಕೊಂಡು ಒಪ್ಪಿದೆ.

ಖಾಲಿ ಕುರ್ಚಿ

ರಾಜೀನಾಮೆ ಕೊಡಲು ಹೋದಾಗ ನಮ್ಮ ಜನರಲ್ ಮ್ಯಾನೇಜರ್ ಮೊದಲು ನನ್ನ ಹಣೆ ಮುಟ್ಟಿ ನೋಡಿದರು. ಅವರೂ ನಮ್ಮ ಕಡೆಯವರೇ, ಬೆಂಗಳೂರಿನವರು.

"ರೀ, ಹನ್ನೊಂದು ಸಾವಿರ ವೋಲ್ಟಿನ ಸಬ್‌ಸ್ಟೇಷನ್ ನೋಡ್ಕೊಳ್ತಿದ್ದ ಮನುಷ್ಯ, ಈಗ ಹನ್ನೆರಡು ವೋಲ್ಟಿಗೆ ಪರೀಕ್ಷೆಗೆ ಕೂತ್ಕೊಳ್ತೀರಾ? ವಿಮಾನ ಓಡಿಸ್ತಿದ್ದವನು ಸೈಕಲ್ ಲೈಸೆನ್ಸಿಗೆ ಹೋದ ಹಾಗಾಯ್ತಲ್ರೀ!"

ತುಮಕೂರಿನಲ್ಲಿರುವ ನಮ್ಮಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸಮಾಧಾನವಾಗಿ ಕೇಳಿಸಿಕೊಂಡು, "ಲೋ ವೋಲ್ಟೇಜ್‌ಗೆ ಲೈಸೆನ್ಸ್ ಯಾಕಪ್ಪಾ? ಇಲ್ಲಿ ದಿನಾ ಸಾಯಂಕಾಲ ಅದೇ ಇರತ್ತೆ, ಯಾರೂ ಏನೂ ಕೇಳಲ್ಲ" ಅಂದಳು.

ಜನರಲ್ ಮ್ಯಾನೇಜರ್ ಮಾತ್ರ ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. "ಡಿಸೆಂಬರ್ ತನಕ ನಿಮ್ಮ ಕುರ್ಚಿ ಮೇಲೆ ನೊಣಾನೂ ಕೂರಿಸಲ್ಲ" ಎಂದು ಭುಜ ತಟ್ಟಿದರು. ಇದು ಪ್ರೀತಿಯೋ ಅಪನಂಬಿಕೆಯೋ ಗೊತ್ತಾಗದೆ ನಾನು ಬೀಳ್ಕೊಡುಗೆ ಸಮಾರಂಭಕ್ಕೆ ಹೋದೆ. ಎಲ್ಲರೂ ಭಾಷಣ ಮಾಡಿದರು, ಹಾರ ಹಾಕಿದರು, ಒಬ್ಬಿಬ್ಬರು ಕಣ್ಣೂ ಒರೆಸಿಕೊಂಡರು. ಕೊನೆಗೆ ಕೇಕ್ ತಂದರು. ಅದರ ಮೇಲೆ ಕ್ರೀಮಿನಲ್ಲಿ ದೊಡ್ಡದಾಗಿ ಬರೆಸಿದ್ದರು: "ಬೇಗ ವಾಪಸ್ ಬನ್ನಿ."

ಗುಟ್ಟಿನ ನಂಬರು

ಪರೀಕ್ಷೆಗೆ ಕೈ ಪಳಗಲಿ ಎಂದು ಪಂಗಾನಿಯ ನಮ್ಮ ಫ್ಲಾಟಿಗೇ ಪೂರ್ತಿ ಅಲಾರಂ ಕೂರಿಸಿದೆ. ಬಾಗಿಲ ಹೊರಗೆ ನಂಬರ್ ಒತ್ತುವ ಕೀಪ್ಯಾಡ್, ಬೀಗ ತೆರೆಯುವುದೂ ಅದರಿಂದಲೇ. ಸರಿಯಾದ ನಂಬರ್ ಒತ್ತದೆ ಒಳಗೆ ಕಾಲಿಟ್ಟರೆ ಸೈರನ್ ಕಟ್ಟಡವನ್ನೇ ಎತ್ತಿಬಿಡುತ್ತದೆ. ನಾನು ಹೆಂಡತಿ ಮಗಳು ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ, "ಈ ನಂಬರ್ ನಮ್ಮ ಮೂವರಿಗೆ ಬಿಟ್ಟರೆ ಇನ್ನೊಂದು ಪ್ರಾಣಿಗೆ ಗೊತ್ತಾಗಬಾರದು" ಎಂದು ಗಂಭೀರವಾಗಿ ಉಪನ್ಯಾಸ ಕೊಟ್ಟೆ. ಮಗಳು, "ಓಕೆ ಅಪ್ಪಾ, ರಿಲ್ಯಾಕ್ಸ್" ಅಂದಳು. ಹೆಂಡತಿ ತಲೆಯಾಡಿಸಿದಳು.

ಒಂದು ವಾರ ಒಮ್ಮೆಯೂ ಸೈರನ್ ಆಗಲಿಲ್ಲ. ನನಗೆ ಎದೆ ಉಬ್ಬಿತು. ಒಂದು ಮಧ್ಯಾಹ್ನ ಮನೆಗೆ ಬಂದರೆ ಫ್ರಿಜ್ಜಿನ ಮುಂದೆ ಪಕ್ಕದ ಮನೆಯ ಗುಜರಾತಿ ಆಂಟಿ ನಿಂತಿದ್ದಾರೆ. ಹೆಂಡತಿ ಮನೆಯಲ್ಲಿಲ್ಲ.

"ಹೆಪ್ಪಿಗೆ ಸ್ವಲ್ಪ ಮೊಸರು ಬೇಕಿತ್ತು" ಎಂದರು ಆಂಟಿ, ಏನೂ ಆಗದವರ ಹಾಗೆ.

ಸಾಯಂಕಾಲ ಹೆಂಡತಿಯನ್ನು ವಿಚಾರಿಸಿದೆ. "ನಂಬರ್ ಕೊಡದೇ ಇದ್ರೆ ಅವರು ಮೊಸರಿಗೆ ಹೇಗೆ ಬರ್ಬೇಕು? ನಾವು ಊರಿಗೆ ಹೋದಾಗ ತುಳಸಿಗೆ ನೀರು ಹಾಕೋರು ಯಾರು? ಅವರನ್ನೂ ಕಳ್ಳರ ಲೆಕ್ಕಕ್ಕೆ ಸೇರಿಸ್ತೀರಾ?" ಅವಳ ದನಿ ಏರಿತು. ನಾನು ನಂಬರ್ ಬದಲಾಯಿಸಿ, ಹೊಸದನ್ನು ಅವಳಿಗೆ ಹೇಳಿ, ಆಣೆ ಭಾಷೆ ಮಾಡಿಸಿಕೊಂಡೆ.

ಮಾರನೆಯ ದಿನ ಬಾಗಿಲಲ್ಲಿ ನಿಂತು ಕೀಪ್ಯಾಡ್ ನೋಡುತ್ತೇನೆ, ಹೊಸ ನಂಬರ್ ನನಗೇ ಮರೆತುಹೋಗಿದೆ! ಹೆಂಡತಿ ಫೋನ್ ಎತ್ತುತ್ತಿಲ್ಲ. ಮಗಳು ಸ್ಕೂಲಿನಲ್ಲಿ. ಬಿಸಿಲಲ್ಲಿ ಬಂದವನಿಗೆ ನೀರಡಿಕೆ ಬೇರೆ. ಅಷ್ಟರಲ್ಲಿ ನಮಗೆ ದಿನಾ ತರಕಾರಿ ತಂದುಕೊಡುವ ಹೆಂಗಸು, ಇಲ್ಲಿಯವರ ಬಾಯಲ್ಲಿ 'ಮಾಮಾ', ಅಂದರೆ ಅಮ್ಮ, ಬುಟ್ಟಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ನೋಡಿ, "ಪೋಲೆ, ಪೋಲೆ" ಎಂದು ಮರುಕಪಟ್ಟು, ನನ್ನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಟಕಟಕ ನಂಬರ್ ಒತ್ತಿ ಬಾಗಿಲು ತೆಗೆದಳು.

"ನಿಮಗೆ ಹೇಳಿಲ್ವಾ ಸರ್? ನಿನ್ನೆಯಿಂದ ನಂಬರ್ ಚೇಂಜ್ ಆಗಿದೆ."

ಪ್ಯಾನೆಲ್ಲಿಗೆ ನಮಸ್ಕಾರ

ಪ್ರಾಯೋಗಿಕ ಪರೀಕ್ಷೆಗೆ ನಾನು ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದೆ. ಮದುವೆ ಗಂಡಿನಂತೆ ಇಸ್ತ್ರಿ ಶರ್ಟು, ಹೊಳೆಯುವ ಬೂಟು. ಗೋಡೆಗೆ ಒಂದು ಅಲಾರಂ ಪ್ಯಾನೆಲ್ ಹಾಕಿದ್ದರು. ಅದರಲ್ಲಿನ ದೋಷ ಹುಡುಕಿ ಸರಿಪಡಿಸಬೇಕು. ಪರೀಕ್ಷಕಿ ದಪ್ಪ ಕನ್ನಡಕದ ಹಿರಿಯ ಹೆಂಗಸು. ನನ್ನ ಹಿಂದೆ ಉಳಿದ ಅಭ್ಯರ್ಥಿಗಳು ಸಾಲಾಗಿ ನಿಂತು ನೋಡುತ್ತಿದ್ದರು.

"ಶುರು ಮಾಡಿ" ಎಂದರು.

ನಾನು ಮುಂದೆ ಹೋಗಿ, ಪ್ಯಾನೆಲ್ಲನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೇಕೆಂದು ಮಾಡಿದ್ದಲ್ಲ. ಸ್ಕ್ರೂಡ್ರೈವರ್ ಆಗಲಿ, ಸ್ಕೂಟರ್ ಆಗಲಿ, ಕೆಲಸಕ್ಕೆ ಮುಂಚೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನನ್ನ ಕೈಗೆ ತಾನಾಗಿಯೇ ಬರುತ್ತದೆ.

"ನಿಲ್ಲಿ! ಈಗ ಏನು ಮಾಡಿದಿರಿ?"

"ಇನ್ನೂ ಏನೂ ಮಾಡಿಲ್ಲ ಮ್ಯಾಡಮ್."

"ಕರೆಂಟ್ ಇದೆಯೋ ಇಲ್ಲವೋ ನೋಡದೆ ಬರಿಗೈಯಲ್ಲಿ ಮುಟ್ಟಿದಿರಿ. ಅದೇ ಕೈಯನ್ನ ಕಣ್ಣಿಗೆ ಇಟ್ಟಿರಿ. ಒಳಗೆ ಇನ್ನೂರ ನಲವತ್ತು ವೋಲ್ಟ್ ಬರುತ್ತೆ ಅಂತ ಗೊತ್ತಿಲ್ವಾ?"

"ಅದು ಕೆಲಸ ಅಲ್ಲ ಮ್ಯಾಡಮ್. ನಮಸ್ಕಾರ."

"ಯಾರಿಗೆ?"

"ಪ್ಯಾನೆಲ್ಲಿಗೆ."

ಪರೀಕ್ಷಕಿ ಕನ್ನಡಕ ತೆಗೆದು ಒಮ್ಮೆ ನನ್ನನ್ನು, ಒಮ್ಮೆ ಪ್ಯಾನೆಲ್ಲನ್ನು ನೋಡಿದರು. ಡಿಸೆಂಬರ್ ಕಣ್ಣ ಮುಂದೆ ಬಂತು, ಕೇಕೂ ಬಂತು.

"ನೋಡಿ, ನಾನೂ ಭಾನುವಾರ ಚರ್ಚಿನಲ್ಲಿ ಹಾಡೋಳು. ದೇವರ ಮೇಲೆ ನನಗೂ ಭಕ್ತಿ ಇದೆ. ಆದರೆ ಅವನನ್ನ ಭೇಟಿಯಾಗೋಕೆ ನಿಮ್ಮಷ್ಟು ಅವಸರ ಇಲ್ಲ." ಅಂದವರು, ಪುಣ್ಯಾತ್ಮೆ, ಇನ್ನೊಂದು ಅವಕಾಶ ಕೊಟ್ಟರು.

ಈ ಸಲ ಸರಿಯಾಗಿ ಕರೆಂಟ್ ಕಡಿದೆ, ಟೆಸ್ಟರ್ ಹಿಡಿದು ನೋಡಿದೆ, ಗಟ್ಟಿಯಾಗಿ "ಕರೆಂಟ್ ಇಲ್ಲ" ಎಂದೆ. ಆಮೇಲೂ ಕೆಲಸ ಶುರು ಮಾಡಲು ಕೈ ಬರಲೊಲ್ಲದು. ಪ್ಯಾನೆಲ್ಲಿನ ಮುಂದೆ ಮಿಸುಕಾಡುತ್ತ ನಿಂತೆ. ಪರೀಕ್ಷಕಿ ನಿಟ್ಟುಸಿರು ಬಿಟ್ಟು, "ಹೂಂ, ಈಗ ಮಾಡ್ಕೊಳ್ಳಿ" ಎಂದರು. ಸಂತೋಷದಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ದೋಷ ಐದು ನಿಮಿಷದಲ್ಲಿ ಸಿಕ್ಕಿತು. ಪಾಸ್!

ಹೊರಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ನನ್ನ ನಂತರದ ಯುವಕ ಕರೆಂಟ್ ಕಡಿದ, ಟೆಸ್ಟರ್ ಹಿಡಿದ, "ಕರೆಂಟ್ ಇಲ್ಲ" ಎಂದ, ಆಮೇಲೆ ಬಹಳ ಶ್ರದ್ಧೆಯಿಂದ ಪ್ಯಾನೆಲ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಹಿಂದಿನವನೂ ಹಾಗೇ ಮಾಡಿದ. ಇದೂ ಪರೀಕ್ಷೆಯ ನಿಯಮ ಅಂದುಕೊಂಡಿರಬೇಕು.

ತಪಾಸಣೆಯ ದಿನ

ಉಳಿದದ್ದು ಕೊನೆಯ ತಪಾಸಣೆ. ರಿವರ್‌ಸೈಡಿನಲ್ಲಿ ಒಂದು ಸಣ್ಣ ಆಫೀಸ್ ಕಟ್ಟಡ. ಲೈಸೆನ್ಸ್ ಇದ್ದ ಹಿರಿಯ ಕಂಟ್ರ್ಯಾಕ್ಟರ್ ಒಬ್ಬರ ಮೇಲ್ವಿಚಾರಣೆಯಲ್ಲಿ ಅಲ್ಲಿ ಕ್ಯಾಮೆರಾ, ಅಲಾರಂ ಎಲ್ಲ ನಾನೇ ಹಾಕಿದ್ದೆ. ಇದು ಪಾಸಾದರೆ ಲೈಸೆನ್ಸ್. ಇಲ್ಲದಿದ್ದರೆ ಮರುತಪಾಸಣೆ ಜನವರಿಗೆ, ಅಂದರೆ ನಾನು ಫ್ಯಾಕ್ಟರಿಗೆ. ಹಿಂದಿನ ದಿನವೇ ಜನರಲ್ ಮ್ಯಾನೇಜರ್ ಫೋನ್ ಮಾಡಿ, "ಕುರ್ಚಿಗೆ ಹೊಸ ಕವರ್ ಹಾಕ್ಸಿದೀನಿ ಕಣ್ರೀ" ಎಂದಿದ್ದರು.

ಬೆಳಿಗ್ಗೆ ಹೆಂಡತಿ ಕೇಳಿದಳು. "ಪೂಜೆ ಮಾಡದೇ ಹೊಸ ಮಿಷನ್ನು ಯಾರಾದ್ರೂ ಶುರು ಮಾಡ್ತಾರೇನ್ರೀ? ಅದೂ ಶುಕ್ರವಾರ."

"ಇವತ್ತು ಮಾತ್ರ ಬೇಡ ಕಣೇ. ಕೈ ಮುಗೀತೀನಿ."

"ಸರಿ ಬಿಡಿ. ಆಫೀಸರಿಗೆ ಕೇಸರಿಬಾತ್ ತರ್ತೀನಿ, ಅದಾದ್ರೂ ತರಬಹುದು ತಾನೇ?"

ತಪಾಸಣಾಧಿಕಾರಿ ಸಣಕಲು ಮನುಷ್ಯ, ಮಾತು ಕಡಿಮೆ. ಕೆಳಗಿನ ಮಹಡಿಯಲ್ಲಿ ಎಲ್ಲ ನೋಡಿದರು. ತಂತಿ ಎಳೆದು ನೋಡಿದರು, ಬ್ಯಾಟರಿ ನೋಡಿದರು. "ಕಳ್ಳರು ಮೊದಲು ಕ್ಯಾಮೆರಾದ ಕಣ್ಣು ಮುಚ್ಚುತ್ತಾರೆ" ಎಂದರು. "ಹಾಗೆ ಮುಚ್ಚಿದ ತಕ್ಷಣ ಅಲಾರಂ ಆಗಬೇಕು. ಅದನ್ನ ನಾನು ಹೇಳದೆ ಕೇಳದೆ ಪರೀಕ್ಷೆ ಮಾಡ್ತೀನಿ." ಅಷ್ಟು ಹೇಳಿ ಚಹಾ ತೆಗೆದುಕೊಂಡು ಕೂತರು. ಅವರು ಯಾವಾಗ ಏಳುತ್ತಾರೋ ಎಂದು ನಾನು ಬೆವರುತ್ತ ನಿಂತೆ.

ಇದ್ದಕ್ಕಿದ್ದಂತೆ ಸೈರನ್ ಅರಚಿತು! ಮೇಲಿನ ಮಹಡಿಯಲ್ಲಿ ಕೆಂಪು ದೀಪ, ಓಡಾಟ, "ಮ್ವಿಜಿ! ಮ್ವಿಜಿ!" ಎಂದು ಕಳ್ಳನನ್ನು ಕಂಡ ಕೂಗು. ನಾನು ಅಧಿಕಾರಿಯನ್ನು ನೋಡಿದೆ. ಅವರು ಕಪ್ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು.

ಎದುರಿಗೆ ಮಗಳು ಬಂದಳು, ಸ್ಕೂಲ್ ಮುಗಿಸಿದ ಯೂನಿಫಾರ್ಮಿನಲ್ಲೇ. "ಅಪ್ಪಾ, ಅಮ್ಮ ಈಸ್ ಅಂಡರ್ ಅರೆಸ್ಟ್."

ನೋಡಿದರೆ, ಕಾವಲಿನ ಅಸ್ಕಾರಿ ದೊಣ್ಣೆ ಅಡ್ಡ ಹಿಡಿದು ನಿಂತಿದ್ದಾನೆ. ಅವನ ಹಿಂದೆ ಕುರ್ಚಿಯಲ್ಲಿ ನನ್ನ ಹೆಂಡತಿ, ರೇಷ್ಮೆ ಸೀರೆ, ಮಡಿಲಲ್ಲಿ ಅರಿಸಿನ ಕುಂಕುಮದ ತಟ್ಟೆ. ಪ್ಯಾನೆಲ್ಲಿನ ಮೇಲೆ ಕುಂಕುಮದ ಬೊಟ್ಟು, ಒಂದು ಸೇವಂತಿಗೆ. ಬ್ಯಾಟರಿಗೆ ಬೊಟ್ಟು. ಸೈರನ್ನಿಗೆ ಬೊಟ್ಟು. ಕ್ಯಾಮೆರಾಗೆ, ಸರಿಯಾಗಿ ಲೆನ್ಸಿನ ಮೇಲೆ, ದೊಡ್ಡ ಬೊಟ್ಟು.

"ರೀ, ನೋಡ್ರೀ! ಡಬ್ಬಕ್ಕಿಟ್ಟೆ, ಬ್ಯಾಟರಿಗಿಟ್ಟೆ, ಸುಮ್ಮನಿದ್ವು. ಇದಕ್ಕಿಟ್ಟಿದ್ದೇ ತಡ, ಕಿರುಚ್ಕೊಳ್ತು!"

"ಲೆನ್ಸಿನ ಮೇಲೆ ಯಾರಾದ್ರೂ ಇಡ್ತಾರೇನೇ?"

"ಮತ್ತೆಲ್ಲಿಡ್ಲಿ? ಅದಕ್ಕಿರೋದೇ ಅಷ್ಟು ಮುಖ!"

ಅಧಿಕಾರಿ ಸೈರನ್ ನಿಲ್ಲಿಸಿ, ರೆಕಾರ್ಡಿಂಗ್ ಹಾಕಿ ನೋಡಿದರು. ಪರದೆಯ ತುಂಬ ನನ್ನ ಹೆಂಡತಿಯ ಮುಖ, ಕಣ್ಣು ಮುಚ್ಚಿದೆ, ತುಟಿ ಅಲ್ಲಾಡುತ್ತಿದೆ, ಬೆರಳು ಹತ್ತಿರ ಹತ್ತಿರ ಬಂತು, ಆಮೇಲೆ ಎಲ್ಲ ಕೆಂಪು. ಅವರು ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದರು.

"ಆರೋಪಿಯ ಮುಖ ಬಹಳ ಸ್ಪಷ್ಟವಾಗಿ ಬಂದಿದೆ" ಎಂದರು.

"ಹೌದಾ? ಸೀರೆ ಬಣ್ಣಾನೂ ಬಂದಿದ್ಯಾ?" ಎಂದಳು ಆರೋಪಿ.

ಅಧಿಕಾರಿ ನಕ್ಕರು. ಅವರು ನಗಬಲ್ಲರು ಎಂದು ಆಗಲೇ ಗೊತ್ತಾಗಿದ್ದು. "ಸಾಮಾನ್ಯವಾಗಿ ನಾನು ಲೆನ್ಸ್ ಮುಚ್ತೀನಿ, ಕಂಟ್ರ್ಯಾಕ್ಟರಿಗೆ ಮೊದಲೇ ಸುಳಿವು ಸಿಕ್ಕಿರುತ್ತೆ. ಇವತ್ತು ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ, ಕಳ್ಳಿಗೂ ಗೊತ್ತಿರಲಿಲ್ಲ. ಇದಕ್ಕಿಂತ ಒಳ್ಳೆ ಪರೀಕ್ಷೆ ನಾನು ಮಾಡಲಾರೆ. ಪಾಸ್. ಲೈಸೆನ್ಸ್ ಸೋಮವಾರ ಕೈಗೆ ಬರುತ್ತೆ."

ನನಗೆ ಏನು ಮಾಡಬೇಕೋ ತೋಚಲಿಲ್ಲ. ಅವರ ಕೈ ಹಿಡಿದು ಕುಲುಕಿದೆ, ಕುಲುಕಿದೆ, ಅವರ ಚಹಾ ಪೂರ್ತಿ ನನ್ನ ಇಸ್ತ್ರಿ ಶರ್ಟಿನ ಮೇಲೆ ಬಂತು. ಬರಲಿ! ಅಸಾಂಟೆ, ಅಸಾಂಟೆ ಎಂದು ಕೃತಜ್ಞತೆ ಹೇಳಿ ಹೇಳಿ ಬಾಯಿ ಒಣಗಿತು. ಖುಷಿಯಲ್ಲಿ ಹೆಂಡತಿಯನ್ನು ಕರೆದರೆ ಅವಳು ಏಳಲು ನೋಡಿದಳು. ಅಸ್ಕಾರಿಯ ದೊಣ್ಣೆ ಮತ್ತೆ ಅಡ್ಡ ಬಂತು.

"ಇವರು ನನ್ನ ಹೆಂಡತಿ ಕಣಪ್ಪಾ, ಬಿಡು" ಎಂದೆ.

"ಯಾರೇ ಆಗಲಿ ಸರ್. ಸೈರನ್ ಆದಾಗ ಸಿಕ್ಕವರನ್ನ ಲೈಸೆನ್ಸ್ ಇರೋ ಕಂಟ್ರ್ಯಾಕ್ಟರ್ ಹೇಳೋ ತನಕ ಬಿಡಬಾರದು. ನೀವೇ ಕಲಿಸಿದ್ದು. ನಿಮಗೆ ಲೈಸೆನ್ಸ್ ಇಲ್ಲ ಅಂತಲೂ ನೀವೇ ಹೇಳಿದ್ದು."

ನಾನು ಅಧಿಕಾರಿಯ ಕಡೆ ತಿರುಗಿದೆ. ಅವರು ಅಸ್ಕಾರಿಗೆ, "ಸವಾ, ಸರಿ. ಈಗ ಇವರು ಕಂಟ್ರ್ಯಾಕ್ಟರ್. ಇವರು ಹೇಳಿದ ಹಾಗೆ ಮಾಡು" ಎಂದರು.

ಅಸ್ಕಾರಿ ನನಗೆ ಸೆಲ್ಯೂಟ್ ಹೊಡೆದ. ಕಟ್ಟಡಕ್ಕೆ ಕಟ್ಟಡವೇ ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತಿತ್ತು. ಕಂಟ್ರ್ಯಾಕ್ಟರ್ ಆಗಿ ನನ್ನ ಮೊಟ್ಟಮೊದಲ ಅಪ್ಪಣೆ! ಶರ್ಟು ಸರಿ ಮಾಡಿಕೊಂಡೆ, ಗಂಟಲು ಸರಿ ಮಾಡಿಕೊಂಡೆ, ಹೆಂಡತಿಯನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿದೆ.

ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟು ಹೇಳಿದಳು, "ಯೋಚನೆ ಮಾಡಿ, ನಿಧಾನವಾಗಿ ಹೇಳಿ. ಮನೆ ಬಾಗಿಲ ನಂಬರ್ ಬೆಳಿಗ್ಗೆ ಬದಲಾಯಿಸಿದೀನಿ."