ಹಳೆಯ ಎಂಜಿನ್ನಿಗೆ ದೊಡ್ಡ ಪಂಖಾ

ನಮ್ಮ ಕಡೆಯ ಜನಕ್ಕೆ ದೊಡ್ಡದೆಂದರೆ ಒಂದು ಬಗೆಯ ಭಕ್ತಿ. ರೊಟ್ಟಿ ತಟ್ಟಿದರೆ ಹಂಚು ತುಂಬಬೇಕು, ತಲೆಗೆ ಪಟಗಾ ಸುತ್ತಿದರೆ ಬಾಗಿಲಿಗೆ ತಾಗಬೇಕು, ಮಾತಾಡಿದರೆ ಬಾಜು ಓಣಿಗೆ ಕೇಳಬೇಕು. ನಾನೇನು ಇದಕ್ಕೆ ಹೊರತಲ್ಲ. ಹುಟ್ಟಿದ್ದು ಯಮನೂರಿನ ಕಡೆಯ ಎರೆ ನೆಲದಲ್ಲಿ. ಅಲ್ಲಿ ನೀರೆಂದರೆ ಕೊಡದಲ್ಲಿರುವ ವಸ್ತು. ಅದರ ಮೇಲೆ ಕೂತು ಹೋಗುವ ವಿಚಾರ ಯಾರ ತಲೆಗೂ ಬಂದಿರಲಿಲ್ಲ. ಅಂಥವನಿಗೆ ಎಪ್ಪತ್ತರ ದಶಕದಲ್ಲಿ ದುಮ್ಮವಾಡದ ಹತ್ತಿರ ಕೆರೆಯ ಆಳ ಅಳೆಯುವ ನೌಕರಿ ಸಿಕ್ಕಿತು. ಜೊತೆಗೊಂದು ದೋಣಿ, ದೋಣಿಯ ಹಿಂಬದಿಗೆ ತೂಗುಹಾಕಿದ ಹಳೆಯ ಎಂಜಿನ್ನು. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ.

ನೀರಿನೊಳಗೆ ತಿರುಗಿ ದೋಣಿಯನ್ನು ಮುಂದೆ ತಳ್ಳುವ ರೆಕ್ಕೆಗಳ ಚಕ್ರಕ್ಕೆ ನಾವು ಪಂಖಾ ಎನ್ನುತ್ತಿದ್ದೆವು. ಒಂದು ದಿನ ಅದು ಮುಳುಗಿದ್ದ ಜಾಲಿಯ ಬೊಡ್ಡೆಗೆ ಬಡಿದು ಮುರಿಯಿತು. ಕಾರವಾರದ ಗೆಳೆಯನೊಬ್ಬ ಬಸ್ಸಿನಲ್ಲಿ ಎರಡು ಪಂಖಾ ಕಳಿಸಿದ: ಅಗಲ ರೆಕ್ಕೆಯ, ತಿರುವು ಹೆಚ್ಚಿದ್ದ, ಫಳಫಳ ಹೊಳೆಯುವ ದೊಡ್ಡದೊಂದು, ಅಷ್ಟೇನೂ ತಿರುವಿಲ್ಲದ, ನೋಡಿದರೆ ಅಯ್ಯೋ ಅನಿಸುವ ಸಣ್ಣದೊಂದು. ಹೊಂದಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕಿತ್ತು.

ಅದೇ ಹೊತ್ತಿಗೆ ಕುಬಿಹಾಳದಿಂದ ನಮ್ಮ ಮಾವ, ಅಂದರೆ ಹೆಂಡತಿಯ ಅಪ್ಪ, ಬಂದಿಳಿದರು. ಕೆರೆಯ ಆಚೆ ದಂಡೆಯ ಮೇಲೆ ಅವರ ಅಕ್ಕನ ಮನೆ. ಸುತ್ತು ಹಾಕಿ ಹೋಗಲು ಚಕ್ಕಡಿಯೇ ಗತಿ. ಮಾವನ ಸೊಂಟಕ್ಕೆ ಚಕ್ಕಡಿಯ ಕುಲುಕಾಟ ಆಗದು, ಅಕ್ಕನ ಮೊಣಕಾಲಿಗೆ ಚಕ್ಕಡಿ ಏರುವುದೇ ಆಗದು. ಹೀಗಾಗಿ ಇಬ್ಬರೂ ಮುಖ ನೋಡಿ ವರ್ಷಗಳೇ ಕಳೆದಿದ್ದವು. "ಅಕ್ಕನ ಮಾರಿ ಒಮ್ಮೆ ನೋಡಿಬಿಟ್ರ ಸಾಕ್ರಿ, ಅಳಿಯಾರ" ಎಂದರು. ಹಾಗೆ ಕೇಳುವಾಗ ಅವರ ದನಿ ಸಣ್ಣದಾಗಿತ್ತು. ರವಿವಾರ ಬರುತ್ತೇವೆಂದು ಅಕ್ಕನಿಗೆ ಹೇಳಿ ಕಳಿಸಿದೆವು.

ಎತ್ತು ಆರಿಸುವುದರಲ್ಲಿ ಮಾವ ಸುತ್ತಿನ ಹಳ್ಳಿಗೆಲ್ಲ ಹೆಸರಾದವರು. ರವಿವಾರ ಬೆಳಿಗ್ಗೆ ಪಂಖಾಗಳನ್ನು ಕಟ್ಟೆಯ ಮೇಲಿಟ್ಟೆ. ದೊಡ್ಡದರ ಬೆನ್ನು ತಟ್ಟಿದರು, ಅದರ ಸುತ್ತ ಒಂದು ಸುತ್ತು ಬಂದರು. ಹಲ್ಲು ಎಣಿಸಲಿಲ್ಲ, ಅಷ್ಟೇ. "ಎದಿ ನೋಡ್ರಿ, ಎಷ್ಟ ಅಗಲ ಐತಿ! ಇದನ್ನ ಕಟ್ರಿ. ಅದು ಅಗದಿ ಬಡಕಲು ಕರಾ." ನನ್ನ ಮನಸ್ಸೂ ಆಗಲೇ ಅದರ ಹೊಳಪಿಗೆ ಸೋತಿತ್ತು. ಬುತ್ತಿ ಕಟ್ಟುತ್ತಿದ್ದ ಹೆಂಡತಿ ಒಳಗಿನಿಂದಲೇ "ಆ ಎಂಜಿನ್ನಿನ ವಯಸ್ಸು ಯಾರರೆ ಕೇಳಿದ್ರೇನ್ರಿ?" ಎಂದಳು. ಯಾರೂ ಕೇಳಿರಲಿಲ್ಲ.

ದೊಡ್ಡದನ್ನೇ ಕಟ್ಟಿ ಮೂವರೂ ಹೊರಟೆವು. ನಡುನೀರು ಮುಟ್ಟುವಷ್ಟರಲ್ಲಿ ಎಂಜಿನ್ನಿಗೆ ಏದುಸಿರು. ವೇಗ ಹೆಚ್ಚಿಸಲು ನಾನು ಅದರ ಕಿವಿ ಹಿಂಡಿದಷ್ಟೂ ಕರಿ ಹೊಗೆ ಹೆಚ್ಚಿತೇ ಹೊರತು ದೋಣಿ ಸರಿಯಲೊಲ್ಲದು. ಕೊನೆಗೊಮ್ಮೆ ಗೊರ್ರೆಂದು ಸುಮ್ಮನಾಯಿತು. ಆಚೆ ದಂಡೆಯಲ್ಲಿ ಹಸಿರು ಸೀರೆಯ ಅಕ್ಕ ಸೆರಗು ಬೀಸುತ್ತಿದ್ದಳು. ಎದುರುಗಾಳಿ ಬೇರೆ. ಹುಟ್ಟು ಹಿಡಿದು ಮುಂದೆ ಹೋಗುವ ತಾಕತ್ತು ನನಗಿರಲಿಲ್ಲ, ದೋಣಿ ತಿರುಗಿಸಿದೆ. ನಾವು ತಿರುಗಿದ್ದನ್ನು ಕಂಡು ಅವಳ ಸೆರಗು ಕೆಳಗಿಳಿಯಿತು, ಕಲ್ಲಿನ ಮೇಲೆ ಕೂತುಬಿಟ್ಟಳು. ಮಾವ ಅತ್ತ ನೋಡಲೇ ಇಲ್ಲ. ನಾನು ಕಮ್ಮಾರನ ತಿದಿಯಂತೆ ಏದುತ್ತ ಹುಟ್ಟು ಹಾಕುವುದನ್ನು ಹೆಂಡತಿ ಮಾತ್ರ ಮಿಕಿಮಿಕಿ ನೋಡುತ್ತಿದ್ದಳು.

ದಂಡೆಗೆ ಹತ್ತಿದ ಮೇಲೆ ಮಾವ ಸೊಂಟ ಹಿಡಿದು ಕೂತರು. "ಜಾತಿ ನೋಡಿದ್ವಿ, ಜೋಡಿ ನೋಡಲಿಲ್ರಿ. ಮುದಿ ಎತ್ತಿನ ಬಾಜು ಹರೇದ ಹೋರಿ ಹೂಡಿದ್ರ ಮುದಿದು ಹೊಲದಾಗ ಬೀಳತೈತಿ. ಜನ್ಮಪೂರ್ತಿ ಒಕ್ಕಲುತನಾ ಮಾಡಿ ಇಷ್ಟ ಹೊಳೀಲಿಲ್ಲಲ್ಲ ನನಗ! ಆ ಬಡಕಲದನ್ನ ತರ್ರಿ."

ಸಣ್ಣ ಪಂಖಾ ಕಟ್ಟಿದೆ. ಎಂಜಿನ್ನು ಎರಡು ಸಲ ಕೆಮ್ಮಿ, ಆಮೇಲೆ ಹಗುರಾಗಿ, ಭಜನೆಗೆ ಕೂತವರಂತೆ ಒಂದೇ ಲಯಕ್ಕೆ ಬಿತ್ತು. ವೇಗವೆಂಬುದು ಏನೂ ಇಲ್ಲ. ನೀರುಕೋಳಿಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಆದರೆ ದೋಣಿ ನಿಲ್ಲಲಿಲ್ಲ. ಅಕ್ಕ ಆ ಕಲ್ಲಿನ ಮೇಲೇ ಇದ್ದಳು. ತಮ್ಮನ ಗಲ್ಲ ಎರಡೂ ಕೈಯಲ್ಲಿ ಹಿಡಿದು, "ಎಷ್ಟ ಸಾವಕಾಶ ಬಂದ್ಯೋ ಭಾಡ್ಯಾ! ಹೊಳ್ಳಿ ಹೋದಿ ಅಂತ ಎದಿ ಒಡದಿತ್ತಲೋ" ಎಂದು ಬೈದಳು. ಮಾವ ಸಣ್ಣ ಹುಡುಗನ ಹಾಗೆ ಬೈಸಿಕೊಳ್ಳುತ್ತ ನಿಂತರು. ನಾನು ಎಂಜಿನ್ನು ಒರೆಸುವ ನೆವದಲ್ಲಿ ಕಣ್ಣು ಒರೆಸಿಕೊಂಡೆ.

ಸಂಜೆ ಈಚೆ ದಂಡೆಗೆ ಬಂದು ಇಳಿದಾಗ ಮಾವ ಎಂಜಿನ್ನಿನ ಬೆನ್ನು ತಟ್ಟಿ, "ಮುಂದಿನ ಸಲಕ್ಕ ಇದಕ್ಕಿಂತಾ ಸಣ್ಣದೊಂದು ಹುಡುಕಿಡ್ರಿ, ಅಳಿಯಾರ. ಆವಾಗ ಇದೂ ನಾನೂ ಇನ್ನಷ್ಟ ಹಳಬರಾಗಿರತೀವಿ" ಎಂದರು. ನಗಬೇಕೋ ಬೇಡವೋ ತಿಳಿಯದೆ ಹೂಂ ಅಂದೆ.

ದೊಡ್ಡ ಪಂಖಾವನ್ನು ಕಾರವಾರಕ್ಕೆ ಕಳಿಸುವುದು ಇಂದಿಗೂ ಆಗಿಲ್ಲ. ಹೆಂಡತಿ ಅದನ್ನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದಾಳೆ. ಎಣ್ಣೆಗಾಯಿ ಮಾಡಿದ ದಿನ ನಾನು ಇನ್ನೊಂದು ರೊಟ್ಟಿಗೆ ಕೈ ಚಾಚಿದರೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಒಮ್ಮೆ ಗೂಟದ ಕಡೆ ನೋಡುತ್ತಾಳೆ, ಆಮೇಲೆ ನನ್ನ ಹೊಟ್ಟೆಯ ಕಡೆ. ನಾನು ಎದ್ದು ಕೈ ತೊಳೆಯುತ್ತೇನೆ.