ಪಂಚರ ಸಮಕ್ಷಮ ನಗುವುದು

ನಮ್ಮ ಸೋದರಮಾವ ನಗಬೇಕಾದರೆ ಇಬ್ಬರು ಸಾಕ್ಷಿಗಳು ಬೇಕು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ, ಆ ಇಬ್ಬರಲ್ಲಿ ಒಬ್ಬ ನಾನೇ! ಇನ್ನೊಬ್ಬರು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ಮಾವ ನಕ್ಕ ತಾರೀಖು, ವೇಳೆ, ಸ್ಥಳ ಎಲ್ಲವೂ ಒಂದು ದಪ್ಪ ಪುಸ್ತಕದಲ್ಲಿ ದಾಖಲಾಗಿವೆ. ಕೆಳಗೆ ನಮ್ಮಿಬ್ಬರ ಸಹಿಯಿದೆ.

ಮಾವ ಸರ್ವೆ ಇಲಾಖೆಯವರು. ಜೀವಮಾನವೆಲ್ಲ ಸರಪಳಿ ಹಿಡಿದು ಹೊಲಗದ್ದೆ ಅಳೆದು, ನಿವೃತ್ತರಾಗಿ ಶಿಕಾರಿಪುರದ ಸ್ವಂತ ಮನೆಯಲ್ಲಿ ಕೂತಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಅವರ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದೇನೆ. ಈ ವರ್ಷದ ಆರಂಭದಲ್ಲಿ ಯಾರೋ ಪುಣ್ಯಾತ್ಮರು ಮಾವನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ದಿನದಿನದ ಬದುಕಿನಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿಕೊಂಡರೆ ಮನುಷ್ಯ ಸಂತೋಷವಾಗಿರುತ್ತಾನಂತೆ. ನಾವು ನೀವಾದರೆ ಅದನ್ನು ಇನ್ನು ಹತ್ತು ಜನರಿಗೆ ಕಳಿಸಿ ಸಂತೋಷಪಡುತ್ತಿದ್ದೆವು. ಮಾವ ಮಾತ್ರ ಕನ್ನಡಕ ಒರೆಸಿಕೊಂಡು, "ಕ್ರಮಪ್ರಕಾರ ಮಾಡೋಣ" ಎಂದರು.

ಅವರಿಗೆ ಸಂತೋಷದ ಅವಶ್ಯಕತೆ ಏಕೆ ಬಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸೊರಬದಲ್ಲಿರುವ ಅವರ ಒಬ್ಬಳೇ ತಂಗಿ, ಅಂದರೆ ನನ್ನ ಅಮ್ಮ, ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಕ್ರಮಪ್ರಕಾರ ಎಂದರೆ ಮೊದಲು ನೋಟಿಸು. ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿತು: 'ಸದರಿ ಮನೆಯ ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಲು ಉದ್ದೇಶಿಸಲಾಗಿದೆ. ತಕರಾರು ಇದ್ದವರು ಏಳು ದಿನದೊಳಗೆ ಸಲ್ಲಿಸತಕ್ಕದ್ದು.'

ಅತ್ತೆ ಏಳು ನಿಮಿಷದಲ್ಲಿ ಸಲ್ಲಿಸಿದರು. "ಬೆಲ್ಲ ಹಾಕಿ ಕುದಿಸಿದ್ರೆ ಹಾಲು ಒಡೀತದೆ ರೀ."

"ಸ್ಥಳ ತನಿಖೆ ಆಗ್ಲಿ" ಎಂದು ಮಾವ ಒಲೆಯ ಮುಂದೆ ನಿಂತರು. ಹಾಲು ಅವರ ಕಣ್ಣೆದುರೇ ಒಡೆಯಿತು. ತಕರಾರು ಊರ್ಜಿತವಾಗಿ ಸಕ್ಕರೆ ಮುಂದುವರಿಯಿತು. ಮಾವನಿಗೆ ಬೇಜಾರಾಯಿತೇ? ಛೆ! ತನಿಖೆ ಶಿಸ್ತಾಗಿ ನಡೆಯಿತೆಂದು ಆ ದಿನ ಅವರು ಬಹಳ ಗೆಲುವಾಗಿದ್ದರು.

ಎರಡನೆಯ ಬದಲಾವಣೆ ಹೆಚ್ಚು ಅಪಾಯಕಾರಿ. ಬೆಳಗಿನ ವಾಕಿಂಗಿನಲ್ಲಿ ಎದುರಾದ ಮೂವರನ್ನು ನೋಡಿ ನಗುವುದು. ಸರ್ವೆಗೆ ಹೋದಾಗ ಮಾವ ನಕ್ಕರೆಂದರೆ ಯಾರದೋ ಎರಡು ಗುಂಟೆ ಪಕ್ಕದವರ ಪಾಲಾಯಿತೆಂದೇ ಲೆಕ್ಕ ಎಂಬ ಮಾತು ಇಡೀ ತಾಲ್ಲೂಕಿನಲ್ಲಿತ್ತು. ಕೆರೆ ಏರಿಯ ಮೇಲೆ ಮೊದಲ ಇಬ್ಬರು ದಾರಿ ಬದಲಿಸಿ ತಪ್ಪಿಸಿಕೊಂಡರು. ಮೂರನೆಯವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ತಾಳಗುಂದದ ರೈತರು, ಪಾಪ, ಗೊಬ್ಬರ ಒಯ್ಯಲು ಬಂದವರು.

"ಯಾಕ್ರೀ ಸಾಹೇಬ್ರ, ನಗಾಕ್ಹತ್ತೀರಿ? ನಮ್ ಹೊಲದಾಗ ಏನರ ಹೆಚ್ಚುಕಮ್ಮಿ ಐತೇನ್ರೀ?"

"ಏನೂ ಇಲ್ಲಪ್ಪ. ಸುಮ್ನೆ ನಕ್ಕೆ."

"ಸುಮ್ನೆ ನಕ್ರಾ!" ಎಂದ ಆ ಮನುಷ್ಯ ಗೊಬ್ಬರ ಮರೆತು ಮುಂದಿನ ಬಸ್ಸಿಗೇ ಊರಿಗೆ ಹೋದರು. ಮೆಕ್ಕೆಜೋಳದ ನಡುವೆ ನುಗ್ಗಿ ಗಡಿಯ ಬಾಂದುಕಲ್ಲುಗಳನ್ನೆಲ್ಲ ಎಣಿಸಿದರಂತೆ. ನಾಲ್ಕು ದಿನ ಬಿಟ್ಟು, ಹೊಲ ಮತ್ತೆ ಅಳೆಸಬೇಕೆಂದು ಅರ್ಜಿ ಬರೆದುಕೊಂಡು ಮಾವನ ಮನೆಗೇ ಬಂದರು. ಅವರನ್ನು ಸಮಾಧಾನಪಡಿಸಲು ಮಾವ ಮತ್ತೆ ನಗಲು ಹೊರಟಾಗ ಅತ್ತೆ ಅಡ್ಡ ಬಂದು ತಡೆದರು.

ಹೊರಗೆ ನಗುವುದು ಸಾರ್ವಜನಿಕ ಹಿತಕ್ಕೆ ಮಾರಕವೆಂದು ತೀರ್ಮಾನವಾಗಿ, ನಗು ಮನೆಯ ಜಗಲಿಗೆ ಸ್ಥಳಾಂತರವಾಯಿತು. ಸುಳ್ಳು ದಾಖಲಾಗಬಾರದಲ್ಲ, ಅದಕ್ಕೆ ಮಹಜರು, ಪಂಚರಾಗಿ ನಾವಿಬ್ಬರು ಸಾಕ್ಷಿಗಳು! 'ಈ ದಿನ ಬೆಳಿಗ್ಗೆ ಏಳೂಕಾಲು ಗಂಟೆಗೆ ಪಂಚರ ಸಮಕ್ಷಮ ನಗಲಾಯಿತು.' ಒಂದು ದಿನ ತುಟಿ ಸ್ವಲ್ಪ ಸೊಟ್ಟಗಾದದ್ದನ್ನೇ ನಗುವೆಂದು ತಿಳಿದು ನಾನು ಸಹಿ ಹಾಕಿಬಿಟ್ಟೆ. "ಅದು ಹಲ್ಲುನೋವು ಅಳಿಯಾ. ಹೊಡೆದು ಹಾಕು" ಎಂದರು.

ಮುಂದಿನ ಬದಲಾವಣೆಯ ಪ್ರಕಾರ, ದಿನವೂ ತಮ್ಮ ಸಂತೋಷಕ್ಕೆ ಕಾರಣರಾದವರನ್ನು ನೆನೆದು ಬರೆಯಬೇಕಿತ್ತು. ಮಾವನಿಗೆ ಬರುವುದು ಒಂದೇ ಬರವಣಿಗೆ. ಕ್ರಯಪತ್ರದಲ್ಲಿ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಚಕ್ಕುಬಂದಿ ಬರೆಯುತ್ತಾರಲ್ಲ, ಅದು. 'ಪೂರ್ವಕ್ಕೆ: ಹೆಂಡತಿಯ ಅಡುಗೆಮನೆ. ದಕ್ಷಿಣಕ್ಕೆ: ಕೆರೆ ಏರಿ. ಉತ್ತರಕ್ಕೆ: ಸೋದರಳಿಯ, ತಡವಾಗಿ ಬರುತ್ತಾನೆ. ಪಶ್ಚಿಮಕ್ಕೆ:' ಅಷ್ಟೇ. ಮುಂದೆ ಖಾಲಿ.

"ಪಶ್ಚಿಮಕ್ಕೆ ಏನು ಮಾವ?"

"ಅಳತೆ ಆಗಿಲ್ಲ" ಎಂದು ಪುಸ್ತಕ ಮುಚ್ಚಿದರು. ನಮ್ಮ ಶಿಕಾರಿಪುರಕ್ಕೆ ಪಶ್ಚಿಮದಲ್ಲಿರುವುದು ಸೊರಬ.

ಅಮ್ಮ ಮದುವೆಯಾದ ವರ್ಷ ಮಾವ ತವರಿನಿಂದ ಒಂದು ಹಲಸಿನ ಸಸಿ ತಂದು, ಸೊರಬದ ನಮ್ಮ ಗದ್ದೆಯ ಬದುವಿನ ಹತ್ತಿರ ತಾವೇ ನೆಟ್ಟಿದ್ದರು. ಅದು ಮರವಾಗಿ, ಅಮ್ಮ ಅದರ ಹಣ್ಣಿನ ಕಡುಬು ಮಾಡಿ ಊರಿಗೆಲ್ಲ ಹಂಚುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಪಕ್ಕದ ಗದ್ದೆಯವರು ಹದ್ದುಬಸ್ತಿಗೆ ಅರ್ಜಿ ಹಾಕಿದರು, ಗಡಿ ಗೊತ್ತುಮಾಡಿ ಕೊಡಿ ಎಂದು. ಜೊತೆಗೆ, "ನಿಮ್ಮ ಅಣ್ಣನೇ ಅಳೀಲಿ, ಅವರು ಸುಳ್ಳು ಅಳಿಯೋರಲ್ಲ" ಎಂದರು. ಮಾವ ಅಳೆದರು. ಮರ ಎರಡು ಅಡಿ ಆಚೆಗಿತ್ತು! ನೆಡುವಾಗ ತಂಗಿಯ ಮದುವೆಯ ಸಡಗರದಲ್ಲಿ ಅಳೆಯುವುದನ್ನೇ ಮರೆತಿದ್ದರು.

"ಎರಡಡಿ ಸರಪಳಿ ಸಡ್ಲ ಬಿಡಕ್ಕೆ ಆಗ್ತಿರ್ಲಿಲ್ವಾ ಅಣ್ಣ?" ಎಂದಳಂತೆ ಅಮ್ಮ.

"ಸರಪಳಿಗೆ ತಂಗಿ ಗೊತ್ತಿಲ್ಲಮ್ಮ" ಎಂದರಂತೆ ಮಾವ.

ಆ ಮರ ಪಕ್ಕದವರ ಮನೆಯ ಬಾಗಿಲಾಯಿತು. ಅಮ್ಮನ ಬಾಯಿಯ ಬಾಗಿಲು ಮುಚ್ಚಿತು. ಆದರೂ ಪಂಚಮಿ ಹಬ್ಬ ಬಂದರೆ ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಉಂಡೆ ಕೊಡುತ್ತಾಳೆ. "ಅಲ್ಲಿ ಯಾರಾದ್ರೂ ತಿಂತಾರೇನೋ ನೋಡು." ಯಾರೋ ತಿನ್ನುತ್ತಾರೆ, ಅತ್ತೆಗೂ ಒಂದು ಉಳಿಸುವುದಿಲ್ಲ. ಡಬ್ಬಿ ಖಾಲಿ ಕೊಡಬಾರದಲ್ಲ, ಕಲ್ಲುಸಕ್ಕರೆಯನ್ನೋ ಖರ್ಜೂರವನ್ನೋ ತುಂಬಿ, "ತಗೊಂಡವರು ತಗೊಳ್ಳಲಿ" ಎಂದು ಮಾವ ವಾಪಸು ಕಳಿಸುತ್ತಾರೆ. ಹನ್ನೊಂದು ವರ್ಷ ಇವರಿಬ್ಬರ ಪರವಾಗಿ ಆ ಡಬ್ಬಿಯೇ ಮಾತಾಡಿದೆ.

ಈ ಸಲ ಪಂಚಮಿ ಕಳೆದ ಮೇಲೆ ಡಬ್ಬಿ ಕೇಳಿದರೆ ಮಾವ ಕೊಡಲಿಲ್ಲ. ಮರುದಿನ ಬಾಗಿಲ ಮೇಲೆ ನೋಟಿಸು: 'ಬರುವ ಭಾನುವಾರ ಸೊರಬಕ್ಕೆ ಹೋಗಲು ಉದ್ದೇಶಿಸಲಾಗಿದೆ.' ಸಂಜೆಗೆ ಅದರ ಕೆಳಗೊಂದು ತಕರಾರು. ಅಕ್ಷರವೂ ಮಾವನದೇ! 'ಹೋದರೆ ಬಾಗಿಲು ತೆಗೆಯುತ್ತಾರೆಂಬುದಕ್ಕೆ ದಾಖಲೆ ಇಲ್ಲ.' ಮೂರು ಭಾನುವಾರ ವಿಚಾರಣೆ ಮುಂದೂಡಲಾಯಿತು. ನಾಲ್ಕನೆಯ ಭಾನುವಾರ ಅತ್ತೆ ಹಾಳೆಯನ್ನು ಕಿತ್ತು ಒಲೆಗೆ ಹಾಕಿದರು.

"ತಕರಾರು ವಜಾ. ಚಪ್ಪಲಿ ಹಾಕ್ಕೊಳ್ರಿ."

ಮೂವರೂ ಬಸ್ಸು ಹತ್ತಿದೆವು. ಮಾವನ ತೊಡೆಯ ಮೇಲೆ ಎರಡು ವಸ್ತುಗಳಿದ್ದವು, ಡಬ್ಬಿ ಮತ್ತು ಒಂದು ಹಲಸಿನ ಸಸಿ. ಜೇಬಿನಲ್ಲಿ ಅಳತೆಯ ಟೇಪು. ನಾನು ಮೊದಲೇ ಫೋನು ಮಾಡಿರಲಿಲ್ಲ, ಅಮ್ಮನೂ ತಕರಾರು ಹಾಕಿಬಿಟ್ಟರೆ?

ಅಮ್ಮ ಬಾಗಿಲು ತೆಗೆದಳು. ಅಣ್ಣನನ್ನು ನೋಡಿದಳು, ಸಸಿಯನ್ನು ನೋಡಿದಳು. ತಿರುಗಿ ಒಳಗೆ ಹೋದಳು. ಕಾಲಿಗೆ ನೀರು ತಂದು ಕೊಟ್ಟು, "ಹಿತ್ತಲಿಗೆ ಬಾ" ಎಂದಳು.

ಹಿತ್ತಲಲ್ಲಿ ಮಾವ ಟೇಪು ತೆಗೆದರು. ಅಮ್ಮ ಅದನ್ನು ಕಿತ್ತುಕೊಂಡಳು.

"ಒಮ್ಮೆ ಅಳೀದೆ ನೆಟ್ಟಿದ್ದಕ್ಕೇ ಅಲ್ವೇನಮ್ಮ ಇಷ್ಟೆಲ್ಲ ಆಗಿದ್ದು" ಎಂದರು ಮಾವ.

"ನಟ್ಟನಡುವೆ ನೆಡು ಅಣ್ಣ. ನಾಲ್ಕು ಕಡೆಗೂ ನಾವೇ ಇದೀವಿ."

ಮಾವ ಮಂಡಿಯೂರಿ ಗುಂಡಿ ತೋಡಿದರು, ಸಸಿ ಇಟ್ಟು ಮಣ್ಣು ಮುಚ್ಚಿದರು. ಆಮೇಲೆ ಏಳಲಿಲ್ಲ. ಮಣ್ಣು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳನೆ ಅತ್ತರು. ಅಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನನಗೂ ತಡೆಯಲಾಗಲಿಲ್ಲ, ಹೇಳಿಕೊಳ್ಳಲು ನಾಚಿಕೆಯೇನು!

ಸ್ವಲ್ಪ ಹೊತ್ತಿನ ಮೇಲೆ ಮಾವ ಚೀಲದಿಂದ ಆ ದಪ್ಪ ಪುಸ್ತಕ ತೆಗೆದು ನನಗೆ ಕೊಟ್ಟರು.

"ಪಶ್ಚಿಮಕ್ಕೆ ತಂಗಿ ಅಂತ ತುಂಬು. ಆಮೇಲೆ ಮಹಜರು ಬರಿ. ಪಂಚರ ಸಮಕ್ಷಮ ನಗಲಾಯಿತು."

"ಮಾವ, ನೀವು ಅತ್ತಿದ್ದಲ್ವಾ?"

ಸ್ವಂತ ತಂಗಿಗೆ ಎರಡಡಿ ಬಿಟ್ಟುಕೊಡದಿದ್ದ ಮನುಷ್ಯ, ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಇರ್ಲಿ ಬರಿ ಅಳಿಯಾ. ಸ್ವಲ್ಪ ಸಡಿಲ ಬಿಡು."

ಬರೆದೆ. ಅತ್ತೆ ತಮ್ಮ ಸಹಿಯ ಜಾಗವನ್ನು ಅಮ್ಮನಿಗೆ ಬಿಟ್ಟುಕೊಟ್ಟರು. ಅಮ್ಮ ಅದನ್ನು ಎರಡು ಸಲ ಓದಿ, ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದಳು.