ಲೀಟರ್ ತೂಕದ ಬೈನಾಕ್ಯುಲರ್

ಹಗುರವಾದ ಯಾವ ವಸ್ತುವನ್ನೂ ಕೊಡ್ಲಿಪೇಟೆಯ ಕಲ್ಲೇಶಪ್ಪನವರು ನಂಬುತ್ತಿರಲಿಲ್ಲ. ಮೂವತ್ತೆಂಟು ವರ್ಷ ಕರಿಮೆಣಸು ಕೊಳ್ಳುವ ವ್ಯಾಪಾರ ಮಾಡಿದವರು ಅವರು. ಮೆಣಸಿನ ವ್ಯಾಪಾರದಲ್ಲಿ ಲೀಟರ್ ತೂಕ ಅಂತ ಒಂದಿದೆ. ಒಂದು ಲೀಟರಿನ ಡಬ್ಬಿಗೆ ಕಾಳು ತುಂಬಿ, ಮೇಲೆ ಸಮ ಮಾಡಿ ತೂಕಕ್ಕಿಡುವುದು. ಐನೂರೈವತ್ತು ಗ್ರಾಂ ಬಂದರೆ ಗಟ್ಟಿ ಮಾಲು, ತೀರಾ ಕಮ್ಮಿ ಬಂದರೆ ಜೊಳ್ಳು. ಈ ಒಂದೇ ಶಾಸ್ತ್ರದಿಂದ ಅವರು ಸಕಲ ಚರಾಚರ ವಸ್ತುಗಳನ್ನೂ ಅಳೆಯುತ್ತಿದ್ದರು. ಛತ್ರಿ, ಚಪ್ಪಲಿ, ಸೀರೆ, ಎಲ್ಲವೂ ಮೊದಲು ಅವರ ಅಂಗೈ ಮೇಲೆ ಕೂತು ಪಾಸಾಗಬೇಕು. ಮದುವೆಯ ಕರೆಯೋಲೆ ಬಂದರೆ ಬಿಚ್ಚುವ ಮೊದಲೇ ಕೈಯಲ್ಲಿ ತೂಗಿ, “ಊಟ ಸುಮಾರು, ನೀನೊಬ್ಬಳೇ ಹೋಗಿ ಬಾ” ಎಂದು ಹೆಂಡತಿಗೆ ಹೇಳಿಬಿಡುತ್ತಿದ್ದರು. (ಮೂರಕ್ಕೆ ಎರಡು ಸಲ ಅದು ನಿಜವೂ ಆಗುತ್ತಿತ್ತು. ಅದೇ ಬಂದ ಕಷ್ಟ.)

ಇಂಥ ಮನುಷ್ಯನ ಹತ್ತಿರ ಹೆಂಡತಿ ವಿಮಲಮ್ಮ ಹಗುರವಾದ ಬೈನಾಕ್ಯುಲರ್ ಕೇಳಿದರು.

ಹೋದ ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ವಿಮಲಮ್ಮನವರ ಬಲಭುಜಕ್ಕೆ ಪೆಟ್ಟಾಗಿತ್ತು. ತುಂಬಿದ ಚೊಂಬು ಎತ್ತಿದರೂ ಪ್ರಾಣ ಹೋಗುವಷ್ಟು ನೋವು. ಹಿತ್ತಿಲ ಜಗಲಿಯಲ್ಲಿ ಕೂರುವುದೇ ಅವರ ಕೆಲಸವಾಯಿತು. ಫೆಬ್ರವರಿಯಲ್ಲಿ ಒಂದು ದಿನ ಹಾಗೆ ಕೂತಿದ್ದಾಗ, ಗದ್ದೆಯಾಚೆಯ ನಂದಿಮರಕ್ಕೆ ದಪ್ಪ ಕೊಕ್ಕಿನ ಮಂಗಟ್ಟೆ ಹಕ್ಕಿಯೊಂದು ಪದೇ ಪದೇ ಬಂದು ಹೋಗುವುದು ಕಣ್ಣಿಗೆ ಬಿತ್ತು. ಗೋಣಿಕೊಪ್ಪಲಿನ ಕಾಲೇಜೊಂದರಲ್ಲಿ ಪಾಠ ಮಾಡುವ ತಂಗಿಯ ಮಗಳು ಯಮುನ ಫೋನಿನಲ್ಲಿ ಬಿಡಿಸಿ ಹೇಳಿದಳು. ಹೆಣ್ಣುಹಕ್ಕಿ ಮರದ ಪೊಟರೆಯೊಳಗೆ ಮೊಟ್ಟೆ ಇಡಲು ಕೂತು, ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಂಡಿದೆ. ಒಂದು ಸೀಳು ಮಾತ್ರ ಬಿಟ್ಟಿದೆ. ಗಂಡು ಆ ಸೀಳಿನಲ್ಲಿ ಹಣ್ಣು ಕೊಡುತ್ತದೆ. ಎರಡು, ಎರಡೂವರೆ ತಿಂಗಳಾದ ಮೇಲೆ ತಾಯಿ ಗೋಡೆ ಒಡೆದು ಮರಿಗಳ ಜೊತೆ ಹೊರಗೆ ಬರುತ್ತದೆ.

“ಅಷ್ಟು ದಿನವೂ ಗಂಡನೇ ಊಟ ತಂದುಕೊಡುತ್ತಂತೆ ಕಣ್ರಿ” ಎಂದರು ವಿಮಲಮ್ಮ.

“ಯಾಕೆ, ನೀನು ಬಿದ್ದಾಗ ನಾನು ಉಪ್ಪಿಟ್ಟು ಮಾಡ್ಲಿಲ್ವಾ?”

“ಮಾಡಿದ್ರಿ. ಒಂದು ದಿನ. ಆ ಬಾಣಲೆ ಇನ್ನೂ ನೆನೆಹಾಕಿದೀನಿ.”

ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. “ಅವಳು ಹೊರಗೆ ಬರೋದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ಅಂತ ಆಸೆ. ಇಲ್ಲಿಂದ ಆ ಪೊಟರೆ ಬರೀ ಒಂದು ಕಪ್ಪು ಚುಕ್ಕೆ ಥರ ಕಾಣುತ್ತೆ. ಎಂಟು ಪಟ್ಟು ದೊಡ್ಡದಾಗಿ ತೋರ್ಸೋ ಬೈನಾಕ್ಯುಲರ್ ಸಾಕು ಅಂದಳು ಯಮುನ. ಅರ್ಧ ಕೇಜಿ ಒಳಗಿರ್ಬೇಕಂತೆ. ನನ್ನ ಕೈಗೆ ಅಷ್ಟೇ ಆಗೋದು. ಐದು ಸಾವಿರದೊಳಗೆ ಸಿಗುತ್ತಂತೆ.”

ಮೂವತ್ತೈದು ವರ್ಷದ ಸಂಸಾರದಲ್ಲಿ ವಿಮಲಮ್ಮ ಬಾಯಿಬಿಟ್ಟು ಕೇಳಿದ್ದು ಕಮ್ಮಿ. ಕೊಡಿಸಿದರೆ ಇವಳಿಗೆ ಗಟ್ಟಿ ಮಾಲನ್ನೇ ಕೊಡಿಸಬೇಕು ಎಂದು ಕಲ್ಲೇಶಪ್ಪನವರು ಅಲ್ಲೇ ತೀರ್ಮಾನಿಸಿದರು. ಅನಾಹುತ ಶುರುವಾದದ್ದು ಈ ಪ್ರೀತಿಯಿಂದಲೇ.

ಕುಶಾಲನಗರದ ಕ್ಯಾಮೆರಾ ಅಂಗಡಿಯ ಅಶೋಕ್ ಎರಡು ಬೈನಾಕ್ಯುಲರ್ ತೆಗೆದಿಟ್ಟ. ಕಲ್ಲೇಶಪ್ಪನವರು ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರು. (ಕಣ್ಣಿಗೆ ಹಾಕಿಕೊಂಡು ನೋಡಬೇಕಾದ ಸಾಮಾನನ್ನು ಕಣ್ಣು ಮುಚ್ಚಿ ಪರೀಕ್ಷಿಸಿದ ಗಿರಾಕಿ ಆ ಅಂಗಡಿಗೆ ಅವರೊಬ್ಬರೇ ಇರಬೇಕು.)

“ಇದು ನಾನೂರರವತ್ತು ಗ್ರಾಂ” ಎಂದರು ಎಡಗೈ ಎತ್ತಿ. “ಒಳಗೆ ಏನೂ ಇಲ್ಲ. ಇದಕ್ಕೆ ನಾಲ್ಕು ಸಾವಿರದ ಎಂಟುನೂರಾ?”

“ಅದು ಎಂಟು ಪಟ್ಟಿಂದು ಸಾರ್. ಹಕ್ಕಿ ನೋಡೋಕೆ ಎಲ್ಲರೂ ಇದನ್ನೇ ಒಯ್ಯೋದು. ಕೈ ನಡುಗಲ್ಲ.”

“ಈ ಕಡೇದು?”

“ಇಪ್ಪತ್ತು ಪಟ್ಟು ಸಾರ್. ಮೂರು ಸಾವಿರದ ಇನ್ನೂರು. ಆದ್ರೆ ಭಾರ.”

“ಒಂದು ಕೇಜಿ ನೂರು” ಎಂದು ಕಲ್ಲೇಶಪ್ಪನವರು ಹೆಮ್ಮೆಯಿಂದ ತೀರ್ಪು ಕೊಟ್ಟರು. “ಎಂಟಕ್ಕಿಂತ ಇಪ್ಪತ್ತು ದೊಡ್ಡದಲ್ವೇನಪ್ಪ? ತೂಕವೂ ಜಾಸ್ತಿ, ರೇಟೂ ಕಮ್ಮಿ. ಇದನ್ನ ಬಿಟ್ಟು ಜೊಳ್ಳು ತಗೊಂಡು ಹೋಗು ಅಂತೀಯಲ್ಲ ಮಾರಾಯ.”

ಅಶೋಕ್ ಬಿಲ್ ಬರೆದ.

ಮನೆಯಲ್ಲಿ ವಿಮಲಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನವರೆಗೆ ಎತ್ತಿದರು. ತುಟಿ ಕಚ್ಚಿಕೊಂಡು ಇಳಿಸಿದರು. “ಚೆನ್ನಾಗಿದೆ” ಎಂದರು. “ಗಟ್ಟಿಯಾಗಿದೆ.” ಅಷ್ಟರಲ್ಲೇ ಕಲ್ಲೇಶಪ್ಪನವರಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

“ನಾನೇ ಹಿಡ್ಕೊತೀನಿ, ನೀನು ನೋಡು” ಎಂದು ಹೆಂಡತಿಯ ಹಿಂದೆ ನಿಂತು ಹಿಡಿದರು. ಇಪ್ಪತ್ತು ಪಟ್ಟಿನಲ್ಲಿ ಅವರ ಕೈ ಇಷ್ಟು ಅಲುಗಿದರೆ ನಂದಿಮರ ಅಷ್ಟು ಕುಣಿಯಿತು. ವಿಮಲಮ್ಮನಿಗೆ ತಲೆ ತಿರುಗಿ ನಿಂಬೆಹಣ್ಣು ಮೂಸಬೇಕಾಯಿತು. ಮಾರನೆಯ ದಿನ ಮೆಣಸು ಕೊಯ್ಯುವ ಒಂಟಿ ಬಿದಿರೇಣಿಯನ್ನು ಜಗಲಿಯ ಕಂಬಕ್ಕೆ ಬಿಗಿದು, ಅದರ ಮೆಟ್ಟಿಲಿಗೆ ಬೈನಾಕ್ಯುಲರನ್ನು ಗೋಣಿ ಹುರಿಯಿಂದ ಕಟ್ಟಿದರು. ಅದರಲ್ಲಿ ನೋಡಬೇಕಾದರೆ ಅರ್ಧ ಬಗ್ಗಿ, ಕತ್ತು ವಾಲಿಸಿ, ಒಂದು ಕಾಲನ್ನು ಜಗಲಿಯ ಕಟ್ಟೆ ಮೇಲಿಡಬೇಕು. ವಿಮಲಮ್ಮ ಎರಡು ದಿನ ಬಗ್ಗಿ ನೋಡಿದರು. ಮೂರನೆಯ ದಿನದಿಂದ ಬೆತ್ತದ ಕುರ್ಚಿಯಲ್ಲಿ ಕೂತು ಮೊದಲಿನಂತೆ ಬರಿಗಣ್ಣಲ್ಲಿ ಕಪ್ಪು ಚುಕ್ಕೆಯನ್ನೇ ಕಾಯತೊಡಗಿದರು.

ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಎಂಟು ಗಂಟೆ. ವಿಮಲಮ್ಮ ತಟ್ಟನೆ ಎದ್ದು ನಿಂತರು.

“ರೀ, ಗಂಡು ಇವತ್ತು ಪೊಟರೆ ಹತ್ರ ಹೋಗ್ತಾನೇ ಇಲ್ಲ. ಪಕ್ಕದ ಕೊಂಬೆಲಿ ಕೂತು ಒಂದೇ ಸಮ ಕೂಗ್ತಿದೆ. ಇವತ್ತೇ ಇರ್ಬೇಕು.”

ಒಳಗಿದ್ದ ಕಲ್ಲೇಶಪ್ಪನವರು ಹಲ್ಲುಜ್ಜುವ ಬ್ರಷ್ ಸಮೇತ ಓಡಿ ಬಂದರು. ಎರಡು ತಿಂಗಳಿಂದ ಹೆಂಡತಿ ಕಾದ ಗಳಿಗೆ, ತಾವು ತಂದ ಯಂತ್ರ ಸಾರ್ಥಕವಾಗುವ ಗಳಿಗೆ. “ತಾಳು, ನಾನು ಸೆಟ್ ಮಾಡಿಕೊಡ್ತೀನಿ” ಎಂದು ಏಣಿಯ ಮುಂದೆ ಬಗ್ಗಿದರು. ಮೊದಲು ಹಸುವಿನ ಕಿವಿ ಕಂಡಿತು. ಆಮೇಲೆ ಯಾರದೋ ತಗಡಿನ ಚಾವಣಿ. ಆಮೇಲೆ ಒಂದು ಹಲಸಿನಕಾಯಿ, ಅದರ ಮುಳ್ಳೊಂದೊಂದೂ ಸ್ಪಷ್ಟವಾಗಿ.

“ಸ್ವಲ್ಪ ಸರೀರಿ, ನಂಗೆ ಮರನೇ ಕಾಣ್ತಿಲ್ಲ” ಎಂದರು ಹಿಂದಿನಿಂದ ವಿಮಲಮ್ಮ.

“ತಾಳೇ, ಸಿಕ್ತು ಅನ್ಕೋ.”

“ನಂಗೆ ಅದು ಬೇಡ. ನೀವು ಸರೀರಿ ಸಾಕು.”

“ತಾಳು ಮಾರಾಯ್ತಿ. ಇಷ್ಟು ದಿನ ಕಾದಿದೀಯ, ಎರಡು ನಿಮಿಷ ತಾಳಕ್ಕಾಗಲ್ವಾ? ಹಾಂ, ಬಂತು ನೋಡು. ಪೊಟರೆ. ಬಾ, ಬಾ.”

ವಿಮಲಮ್ಮ ಬಗ್ಗಿ ನೋಡಿದರು. ಪೊಟರೆ ದೇವರಮನೆಯ ಬಾಗಿಲಿನಷ್ಟು ದೊಡ್ಡದಾಗಿ ಕಾಣಿಸಿತು. ಗೋಡೆ ಒಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಮರದಾಚೆಯ ಗುಡ್ಡದ ಕಡೆ ಹಕ್ಕಿಗಳ ಕೂಗು ಕೇಳಿ ದೂರವಾಯಿತು.

“ಹೋಯ್ತು” ಎಂದರು. ಬೈಯಲಿಲ್ಲ. ಕಾಫಿಗೆ ನೀರಿಡಲು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಕಲ್ಲೇಶಪ್ಪನವರಿಗೆ ಜೀವನದಲ್ಲಿ ಮೊದಲ ಸಲ ಅನಿಸಿತು. ಸರೀರಿ ಅಂತ ಅವಳು ಎರಡು ಸಲ ಹೇಳಿದ್ದಳು. ಸರಿಯಲಿಲ್ಲವಲ್ಲ ಎಂದು ಅವತ್ತಿಡೀ ದಿನ ಅದನ್ನೇ ನೆನೆದರು.

ಮಾರನೆಯ ದಿನ ಮೊದಲ ಬಸ್ಸಿಗೆ ಕುಶಾಲನಗರಕ್ಕೆ ಹೋದರು. ಅಶೋಕ್ ಹಗುರದ್ದನ್ನು ಕಟ್ಟಿಕೊಟ್ಟ. ಮನೆಗೆ ಬಂದಾಗ ಹಳೆಯ ಬೈನಾಕ್ಯುಲರ್ ಏಣಿಯಿಂದ ಇಳಿದು, ಮಿಡಿ ಉಪ್ಪಿನಕಾಯಿಯ ಭರಣಿಗೆ ಮುಚ್ಚಿದ ತಟ್ಟೆ ಮೇಲೆ ಭಾರಕ್ಕೆ ಕೂತಿತ್ತು. ತನ್ನ ತೂಕಕ್ಕೆ ತಕ್ಕ ಕೆಲಸ ಅದಕ್ಕೆ ಕೊನೆಗೂ ಸಿಕ್ಕಿತ್ತು.

ತಪ್ಪಾಯಿತು ಎನ್ನಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹೊಸದನ್ನು ಕೊಡುವಾಗ ಬಾಯಿಂದ ಹೊರಟದ್ದು, “ನಾನೂರರವತ್ತು ಗ್ರಾಂ” ಎಂದಷ್ಟೇ.

ವಿಮಲಮ್ಮ ಅದನ್ನು ನೋಯುವ ಬಲಗೈಯಲ್ಲೇ ಎತ್ತಿದರು. ಸಲೀಸಾಗಿ ಬಂತು. ಬಹಳ ಹೊತ್ತು ನೋಡಿದರು.

“ಏನು ಕಾಣುತ್ತೆ?”

“ಎಲ್ಲಾ ಕಾಣುತ್ತೆ ರೀ. ತೊಗಟೆ ಕಾಣುತ್ತೆ, ಒಡೆದ ಗೋಡೆ ಅಂಚು ಕಾಣುತ್ತೆ. ಅವಳೊಬ್ಬಳು ಇಲ್ಲ.”

ಅಲ್ಲಿ ನಿಲ್ಲಲಾಗದೆ ಕಲ್ಲೇಶಪ್ಪನವರು ಗದ್ದೆಯ ಬದುವಿನ ಮೇಲೆ ನಡೆದು ನಂದಿಮರದ ಬುಡಕ್ಕೆ ಹೋದರು. ಕೆಳಗೆ ಗೋಡೆಯ ಒಂದು ಚೂರು ಬಿದ್ದಿತ್ತು. ಅಭ್ಯಾಸಬಲದಿಂದ ಅಂಗೈ ಮೇಲಿಟ್ಟು ತೂಗಿದರು. ಏನೂ ತೂಕವಿಲ್ಲ. ಎರಡು ತಿಂಗಳು ಹಾವು, ಕೋತಿ ಯಾವುದನ್ನೂ ಒಳಗೆ ಬಿಡದೆ ಒಂದು ಸಂಸಾರವನ್ನು ಕಾದದ್ದು ಇದೇನಾ ಎಂದುಕೊಂಡರು. ಮನೆ ಇಲ್ಲಿಂದ ಬಹಳ ದೂರವಿತ್ತು. ಯಾರೂ ಇಲ್ಲ ಎಂಬ ಧೈರ್ಯದಲ್ಲಿ ಪಂಚೆಯ ತುದಿ ಎತ್ತಿ ಕಣ್ಣೊರೆಸಿಕೊಂಡರು.

ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು.

“ಅಲ್ಲಿ ನಿಂತ್ಕೊಂಡು ಯಾಕ್ರೀ ಕಣ್ಣು ಒರೆಸ್ಕೊತಿದೀರಿ?”

ಕಲ್ಲೇಶಪ್ಪನವರು ಬೆಚ್ಚಿ ಪಂಚೆ ಕೆಳಗೆ ಬಿಟ್ಟರು. “ಏನಿಲ್ಲ ಕಣೇ. ಕಸ ಬಿತ್ತು.”

“ಕಸ ಬಿದ್ದಿದ್ರೆ ಇದರಲ್ಲಿ ಕಾಣ್ತಿತ್ತು” ಎಂದರು ವಿಮಲಮ್ಮ. “ಬನ್ನಿ, ಕಾಫಿ ಆರಿಹೋಗುತ್ತೆ.”